ನಮ್ಮ ಕೆಳಗೆ ಏನೂ ಕುದಿಯುತ್ತಿಲ್ಲ

ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ಬೋರ್‌ವೆಲ್‌ಗೆ ಜಾಗ ಗುರುತಿಸಿಕೊಡುವುದು ನನ್ನ ಕೆಲಸ. ಭೂವಿಜ್ಞಾನ ಓದಿದವಳು ಎಂದು ತಿಳಿದ ಕೂಡಲೇ ಜನ ನೀರಿನ ವಿಷಯ ಬಿಟ್ಟು ಇನ್ನೊಂದನ್ನು ಕೇಳುತ್ತಾರೆ: “ಮೇಡಂ, ನಮ್ಮ ನೆಲವೆಲ್ಲ ಜ್ವಾಲಾಮುಖಿಯಿಂದ ಆದದ್ದಂತಲ್ಲ, ಅದು ಮತ್ತೆ ಯಾವಾಗ ಸಿಡಿಯುತ್ತದೆ?”

ಸಿಡಿಯುವುದಿಲ್ಲ. ಇಷ್ಟು ಸಾಕು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಸಾಲದು ಎನ್ನುವವರಿಗಾಗಿ ಒಮ್ಮೆ ಪೂರ್ತಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸಿ ನನ್ನ ಪಾಡಿಗೆ ನಾನಿರುತ್ತೇನೆ.

“ಸಿಡಿಯುತ್ತದೆಯೇ” ಎಂದು ಯಾರೂ ಕೇಳುವುದಿಲ್ಲ, ಗಮನಿಸಿ. ಎಲ್ಲರಿಗೂ ಬೇಕಾಗಿರುವುದು “ಯಾವಾಗ”. ಹುಮನಾಬಾದಿನ ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಿದ್ದೆ. ಎಲೆಗೆ ಗೋಧಿ ಹುಗ್ಗಿ ಬಿದ್ದಿತ್ತು, ತುಪ್ಪ ಇನ್ನೂ ನಾಲ್ಕು ಎಲೆ ದೂರದಲ್ಲಿತ್ತು. ಪಕ್ಕದಲ್ಲಿದ್ದ ಮಾವ, ಅಂದರೆ ಮದುವೆಗಳಲ್ಲಿ ಮಾತ್ರ ಸಿಗುವಷ್ಟು ದೂರದ ಮಾವ, ಕೇಳಿದರು: “ಬೀದರಿನಲ್ಲಿ ಒಂದು ಪ್ಲಾಟ್ ನೋಡಿದ್ದೇನವ್ವಾ. ಆ ಜ್ವಾಲಾಮುಖಿ ಇನ್ನೊಂದು ಇಪ್ಪತ್ತು ವರ್ಷ ತಡೆಯುತ್ತದೆಯೇ?” ಅದು ತಣ್ಣಗಾಗಿ ಆರೂವರೆ ಕೋಟಿ ವರ್ಷವಾಯಿತು ಮಾವ, ಎಂದೆ. ಅವರು ತುಸು ಹೊತ್ತು ಯೋಚಿಸಿ, “ಇಷ್ಟು ಕಾಲ ಸುಮ್ಮನಿದೆ ಎಂದರೆ ಸರದಿ ಹತ್ತಿರ ಬಂದಿರಬೇಕು” ಎಂದರು. ಎದುರು ಸಾಲಿನವರು ಕಿಲ್ಲಾರಿಯನ್ನು ಎತ್ತಿದರು, ಅವರ ಪಕ್ಕದವರು ಗಡಿಕೇಶ್ವರವನ್ನು ಎತ್ತಿದರು. ತುಪ್ಪ ನನ್ನ ಎಲೆಯನ್ನು ದಾಟಿ ಹೋಯಿತು.

ಆ ಎರಡು ಹೆಸರುಗಳ ಹಿಂದಿನ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು, ಸಾವಿರಾರು ಜನ ಸತ್ತರು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ನೆಲದೊಳಗಿನಿಂದ ಸದ್ದು ಬಂದು, ಭೂಮಿ ನಡುಗಿ, ಜನ ಮನೆಯೊಳಗೆ ಮಲಗಲು ಹೆದರಿದರು. ಆದರೆ ಅದು ಬಂಡೆ ಬಿರುಕಿನಗುಂಟ ಜರುಗುವ ಸದ್ದು, ಶಿಲಾರಸ, ಅಂದರೆ ನೆಲದಾಳದಲ್ಲಿ ಕರಗಿದ ಕಲ್ಲು, ಹರಿಯುವ ಸದ್ದಲ್ಲ. ಕಿಲ್ಲಾರಿಯಲ್ಲಿ ಭೂಕಂಪದ ನಂತರ ಆಳವಾಗಿ ಕೊರೆದು ನೋಡಿದ್ದಾರೆ. 338 ಮೀಟರ್ ಬಸಾಲ್ಟ್, ಅಂದರೆ ಲಾವಾ ತಣ್ಣಗಾಗಿ ಆದ ಕಪ್ಪು ಕಲ್ಲು, ಅದರಡಿ ತೆಳುವಾದ ಕೆಸರುಶಿಲೆಯ ಪದರ, ಅದರಡಿ ಹಳೆಯ ನೈಸ್ ಬಂಡೆ. ಯಾದಗಿರಿ, ಶಹಾಪುರದ ಕಡೆ ಗುಡ್ಡಗಳಾಗಿ ಬಯಲಲ್ಲೇ ನಿಂತಿರುವ ಹಳೆಯ ಶಿಲೆಗಳ ಬಳಗವೇ ಅದು. ಬೆಂಕಿಯ ಕೆರೆ ಎಲ್ಲಿಯೂ ಸಿಗಲಿಲ್ಲ.

ಹಾಗಾದರೆ ಕಪ್ಪು ಕಲ್ಲು ಎಲ್ಲಿಂದ ಬಂತು? ಊರಿಗೊಂದು ಬಾಯಿ ತೆರೆದು ಉಗುಳಿದ್ದಲ್ಲ. ಆರೂವರೆ ಕೋಟಿ ವರ್ಷಗಳ ಹಿಂದೆ ಭಾರತ, ಹಿಂದೂ ಮಹಾಸಾಗರದಲ್ಲಿ ಇಂದಿನ ರಿಯೂನಿಯನ್ ದ್ವೀಪದ ಕೆಳಗಿರುವ ಬಿಸಿಯ ಮೂಲದ ಮೇಲೆ ಹಾದುಹೋಗುತ್ತಿತ್ತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಅಲ್ಲಿ ಪಿಟೋನ್ ದ ಲಾ ಫೂರ್ನೇಸ್ ಎಂಬ ಜ್ವಾಲಾಮುಖಿ ಇಂದಿಗೂ ಲಾವಾ ಉಗುಳುತ್ತಿದೆ. ನಾವು ಉತ್ತರಕ್ಕೆ ಸರಿದು ಬಂದಿದ್ದೇವೆ. ಲಾವಾ ಹೊರಬಂದ ಬಿರುಕುಗಳ ಗುರುತು ನೋಡಬೇಕಾದರೆ ಮಹಾರಾಷ್ಟ್ರದ ನಂದುರ್ಬಾರ್, ಧುಳೆ ಕಡೆಗೋ ಕೊಂಕಣದ ಕರಾವಳಿಗೋ ಹೋಗಬೇಕು. ಬಿರುಕಿನೊಳಗೆ ಗಟ್ಟಿಯಾದ ಶಿಲಾರಸ, ಸುತ್ತಲಿನ ಕಲ್ಲು ಸವೆದ ಮೇಲೆ, ಕಿಲೋಮೀಟರುಗಟ್ಟಲೆ ಉದ್ದದ ಕಪ್ಪು ಗೋಡೆಗಳಾಗಿ ಅಲ್ಲಿ ನಿಂತಿದೆ. ಇವೇ ಡೈಕ್‌ಗಳು.

ನೆಲದೊಳಗೆ ಶಿಲಾರಸ ನಡೆಯುವ ಬಗೆ ಶಹಾಪುರದ ಕಲ್ಲುಕ್ವಾರಿ ನೋಡಿದವರಿಗೆ ಬೇಗ ತಿಳಿಯುತ್ತದೆ. ಬಂಡೆಯಲ್ಲಿ ಸಾಲಾಗಿ ತೂತು ಕೊರೆದು ಬೆಣೆ ಬಡಿದರೆ ಅದು ಒಂದೇ ಗೆರೆಯಲ್ಲಿ ಸೀಳುತ್ತದಲ್ಲ, ಹಾಗೆಯೇ ಶಿಲಾರಸ ತಾನೇ ಬೆಣೆಯಾಗಿ ತನ್ನ ದಾರಿಯನ್ನು ತಾನೇ ಸೀಳಿಕೊಳ್ಳುತ್ತದೆ. ಸಿದ್ಧವಾದ ಸುರಂಗ ಅದಕ್ಕೆ ಬೇಕಿಲ್ಲ. ಬಂಡೆ ಯಾವ ದಿಕ್ಕಿನಲ್ಲಿ ಕಡಿಮೆ ಬಿಗಿಯಾಗಿ ಒತ್ತಿಕೊಂಡಿದೆಯೋ ಆ ದಿಕ್ಕಿಗೆ ಬಿರುಕು ಅಗಲವಾಗುತ್ತದೆ. ಸುತ್ತಲಿನ ಬಂಡೆಗಿಂತ ಹಗುರವಾಗಿರುವವರೆಗೆ ಶಿಲಾರಸ ಮೇಲೇರುತ್ತದೆ. ತನ್ನಷ್ಟೇ ಹಗುರವಾದ ಬಂಡೆ ಸಿಕ್ಕಿತೋ, ಏರುವುದಕ್ಕಿಂತ ಅಡ್ಡಕ್ಕೆ ಸಾಗುವುದೇ ಅದಕ್ಕೆ ಸುಲಭ. ನಿಧಾನಿಸಿದರೆ ಗೋಡೆಗಳಿಂದ ಒಳಮುಖವಾಗಿ ಹೆಪ್ಪುಗಟ್ಟಿ ದಾರಿಯಲ್ಲೇ ಮುಗಿಯುತ್ತದೆ. ಹುಟ್ಟಿದ ಶಿಲಾರಸದ ಬಹುಪಾಲಿನ ಗತಿ ಅದೇ, ಹೊರಗಿನ ಬೆಳಕು ಕಾಣುವುದೇ ಇಲ್ಲ.

ಅಡ್ಡಕ್ಕೆ ಸಾಗುವುದು ಬರಿಯ ಊಹೆಯಲ್ಲ. 2014ರ ಆಗಸ್ಟಿನಲ್ಲಿ ಐಸ್‌ಲ್ಯಾಂಡಿನ ಬಾರ್ಡರ್‌ಬುಂಗಾ ಜ್ವಾಲಾಮುಖಿಯಿಂದ ಹೊರಟ ಶಿಲಾರಸ ನೆಲದೊಳಗೇ ಸುಮಾರು 45 ಕಿಲೋಮೀಟರ್ ನಡೆದು ಹೊಲುಹ್ರಾನ್ ಎಂಬಲ್ಲಿ ಮೇಲೆ ಬಂತು. ಅದರ ಮುಂತುದಿ ಬಂಡೆ ಸೀಳುತ್ತ ಎಬ್ಬಿಸಿದ ಸಣ್ಣ ಸಣ್ಣ ಕಂಪನಗಳನ್ನು ಗುರುತಿಸಿಕೊಂಡು ವಿಜ್ಞಾನಿಗಳು ಎರಡು ವಾರ ಅದರ ಬೆನ್ನು ಹತ್ತಿದ್ದರು. ಕೆನಡಾದ ಮೆಕೆಂಜಿ ಡೈಕ್‌ಗಳದ್ದು ಇನ್ನೂ ದೊಡ್ಡ ಕತೆ: 127 ಕೋಟಿ ವರ್ಷ ಹಳೆಯವು, ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹಬ್ಬಿವೆ. ಕಲ್ಲಿನೊಳಗಿನ ಕಾಂತೀಯ ಖನಿಜಗಳ ಕಣಗಳು ಹರಿವಿಗೆ ಅನುಗುಣವಾಗಿ ಸಾಲುಗೊಂಡಿರುತ್ತವೆ. ಅವನ್ನು ಅಳೆದಾಗ ಮೂಲದ ಹತ್ತಿರ ಶಿಲಾರಸ ಮೇಲ್ಮುಖವಾಗಿಯೂ ದೂರದಲ್ಲಿ ಅಡ್ಡಡ್ಡಲಾಗಿಯೂ ಹರಿದಿತ್ತು ಎಂದು ಗೊತ್ತಾಯಿತು. ಕೋಟಿಗಟ್ಟಲೆ ವರ್ಷಗಳ ನಂತರ ಒಂದು ಕಲ್ಲಿನ ತುಂಡಿನಿಂದ ಹರಿವಿನ ದಿಕ್ಕು ಹೇಳುವುದು! ಇದನ್ನು ಕೇಳಿ ಯಾರೂ ಬೆರಗಾಗುವುದಿಲ್ಲ, ಪ್ಲಾಟಿನ ಬಗ್ಗೆ ಕೇಳುತ್ತಾರೆ.

ಹೀಗೆ ಹರಿದ ಲಾವಾದಿಂದ ಪದರಪದರವಾಗಿ ಆದ ಕಪ್ಪು ಕಲ್ಲಿನ ಹಾಸಿಗೆ ದಖ್ಖನ್ ಟ್ರ್ಯಾಪ್ ಎಂದು ಹೆಸರು; ನಮ್ಮ ಭಾಗ ಅದರ ಆಗ್ನೇಯ ಅಂಚು. ಇಲ್ಲಿಗೆ ಬಂದದ್ದು ದೂರದ ಬಿರುಕುಗಳಿಂದ ಹೊರಬಿದ್ದು, ಮೇಲ್ಪೊರೆ ಗಟ್ಟಿಯಾಗಿ ಒಳಗೆ ಬಿಸಿ ಉಳಿಸಿಕೊಂಡು ಹರಿದ ಲಾವಾ. ಇದೇ ಕಾಲದ ಲಾವಾ ಪಶ್ಚಿಮ ಘಟ್ಟದ ಕಡೆಯಿಂದ ಸುಮಾರು ಸಾವಿರ ಕಿಲೋಮೀಟರ್ ಹರಿದು ಆಂಧ್ರದ ರಾಜಮಹೇಂದ್ರಿ ತಲುಪಿತ್ತು ಎಂದು ಕಲ್ಲಿನ ರಾಸಾಯನಿಕ ಗುಣಗಳ ಹೋಲಿಕೆಯಿಂದ ತೋರಿಸಿದ್ದಾರೆ.

ಆದ್ದರಿಂದ “ಯಾವಾಗ ಸಿಡಿಯುತ್ತದೆ” ಎನ್ನುವವರು “ಒಂದು ಹರಿವು ಮುಗಿದು ಇನ್ನೊಂದು ಬರಲು ಎಷ್ಟು ಕಾಲ ಹಿಡಿಯಿತು” ಎಂದು ಕೇಳಬಾರದೇ? ಬೋರ್ ಕೊರೆಸಿದವರೆಲ್ಲ ಅದಕ್ಕೆ ಸಾಕ್ಷಿ ನೋಡಿಯೇ ಇರುತ್ತಾರೆ. ಕಪ್ಪು ಪುಡಿ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಹಳೆಯ ಹರಿವಿನ ಮೈ ಗಾಳಿಮಳೆಗೆ ಸವೆದು ಮಣ್ಣಾಗುವಷ್ಟು ಕಾಲ ಕಳೆದ ಮೇಲೆ ಹೊಸ ಹರಿವು ಬಂದು ಅದನ್ನು ಸುಟ್ಟು ಮುಚ್ಚಿದ ಪದರ ಅದು. ನೀರಿನ ಲೆಕ್ಕವೂ ಅಲ್ಲಿಯೇ ಇದೆ. ಹರಿವಿನ ನಡುಭಾಗ ಗಟ್ಟಿ, ಬಿರುಕಿಲ್ಲದಿದ್ದರೆ ಅಲ್ಲಿ ಹನಿಯೂ ನಿಲ್ಲುವುದಿಲ್ಲ. ಕೆಂಪು ಪದರದ ಕೆಳಗೆ ಹಳೆಯ ಹರಿವಿನ ತಲೆಭಾಗ ಅನಿಲದ ಗುಳ್ಳೆಗಳಿಂದ ತೂತುತೂತಾಗಿದ್ದು ಸವೆದಿರುತ್ತದೆ. ನೀರು ಸಿಗುವುದಾದರೆ ಹೆಚ್ಚಾಗಿ ಅಲ್ಲಿ. ತೆಂಗಿನಕಾಯಿ ಹಿಡಿದು ಹೊಲ ಸುತ್ತುವವರಿಗೆ ಕೊಡುವ ದಕ್ಷಿಣೆಯ ಅರ್ಧದಷ್ಟಾದರೂ ಗಮನವನ್ನು ಆ ಕೆಂಪು ಪುಡಿಗೆ ಕೊಡಿ.

ಎಷ್ಟು ಅಡಿಗೆ ಕೆಂಪು ಬಂತು, ಎಷ್ಟು ಅಡಿಗೆ ಮತ್ತೆ ಕಪ್ಪಾಯಿತು, ಎಲ್ಲಿ ಒದ್ದೆಯಾಯಿತು ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕರೆ ಮಾಡಿ. ಅಕ್ಕಪಕ್ಕದ ಎರಡು ಹೊಲದವರ ಚೀಟಿಯೂ ಸಿಕ್ಕರೆ ಆ ಪದರ ಯಾವ ಕಡೆಗೆ ಇಳಿದಿದೆ ಎಂದು ಹೇಳಬಹುದು. ಅದಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ.