ನೋಟ್‌ಬುಕ್‌ನಲ್ಲೇ ಉಳಿದ ಮಣ್ಣು

2023ರ ಜನವರಿಯಲ್ಲಿ ಬೀದರ್‌ನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ನಮ್ಮ ಪುರವಣಿಗೂ ಲೋಹದ ಪಾತ್ರೆಗೆ ಬೆಳ್ಳಿ ಕೂರಿಸುವ ಆ ಬಿದರಿ ಕಲೆಯ ಮೇಲೊಂದು ಲೇಖನ ಬೇಕಾಯಿತು. ನನ್ನ ಮೊದಲ ಕವರ್ ಸ್ಟೋರಿ ಅದು.

ರಾತ್ರಿ ಬಸ್ಸಿಗೆ ಹೋಗಿ ಮರುದಿನ ರಾತ್ರಿ ಬಸ್ಸಿಗೇ ವಾಪಸ್. ಎರಡನೇ ದಿನ ಉಳಿಯಲು ಆಫೀಸಿನಿಂದ ದುಡ್ಡು ಸಿಗಲ್ಲ. ಇದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ನೂರಾರು ವರ್ಷದ ಕೆಲಸವನ್ನು ಒಂದು ಹಗಲಿನಲ್ಲಿ ನೋಡಿ ಬರೋಕಾಗುತ್ತಾ?

ಒಬ್ಬ ಹಿರಿಯ ಕುಶಲಕರ್ಮಿಯ ಮನೆಯಲ್ಲಿ ಕೂತಿದ್ದೆ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದ ಹೂಜಿ. ಅದರ ಮೇಲೆ ಮೈಲುತುತ್ತ ಸವರಿ, ಉಳಿಯಲ್ಲಿ ಗೆರೆ ಕೊರೆದು, ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸುತ್ತಿದ್ದರು. ನಡುವೆ ಎದ್ದು ಹೋಗಿ ಒಂದು ಚೀಲ ಬಿಚ್ಚಿದರು. ಕೋಟೆಯ ಮಣ್ಣು. ಚಿಟಿಕೆ ತೆಗೆದು ನಾಲಿಗೆ ತುದಿಗೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ಉಗುಳಿದರು. ಚೀಲವನ್ನು ಪಕ್ಕಕ್ಕೆ ತಳ್ಳಿ ಇನ್ನೊಂದನ್ನು ಬಿಚ್ಚಿದರು. ಅದನ್ನು ನೋಟ್‌ಬುಕ್‌ನಲ್ಲಿ ಒಂದೇ ಸಾಲು ಗೀಚಿಕೊಂಡು ಮುಂದಿನ ಪ್ರಶ್ನೆಗೆ ಹೋದೆ.

ಬರೆಯಲು ಕೂತಾಗ ಆ ಸಾಲು ನೆನಪಿಗೇ ಬರಲಿಲ್ಲ. ಲೈಬ್ರರಿಯಲ್ಲಿ ಮೂರು ದಿನ ಕೂತು ಬಹಮನಿ ಸುಲ್ತಾನರನ್ನು ಓದಿದ್ದೆ. ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದಲ್ಲಿಂದ ಶುರು ಮಾಡಿದೆ. 1,800 ಪದ ಆಯಿತು. ಡಮ್ಮಿಯಲ್ಲಿ, ಅಂದರೆ ಪುಟದ ನಕ್ಷೆಯಲ್ಲಿ, ಜಾಗ ಇದ್ದದ್ದು 900ಕ್ಕೆ. ಹೇಗೋ ಅಷ್ಟಕ್ಕೆ ಇಳಿಸಿದೆ.

ಶುಕ್ರವಾರ ಮಧ್ಯಾಹ್ನ ಒಂದೂವರೆ. ಮೂರಕ್ಕೆ ಪೇಜ್ ಬಿಡಬೇಕು. ಯೂನಿಕೋಡ್ ಕಾಪಿ ಪೇಜಿಗೆ ಹಾಕಿದ್ದೇ ಅರ್ಕಾವತ್ತುಗಳೆಲ್ಲ ಎದ್ದು ಹೋಗಿದ್ದವು, ಒಂದೊಂದನ್ನೇ ಸರಿ ಮಾಡುತ್ತಿದ್ದೆ. ಪುರವಣಿ ಮುಖ್ಯಸ್ಥರು ಪ್ರಿಂಟ್ ಹಿಡಿದು ಬಂದರು.

"ಏನಮ್ಮಾ, ನೀನು ಬೀದರ್‌ಗೆ ಹೋಗಿದ್ಯಾ, ಇಲ್ಲೇ ಕೂತು ಬರೆದ್ಯಾ?"

ಕೂಗಿ ಹೇಳಲಿಲ್ಲ. ಆದರೂ ಡೆಸ್ಕಿನವರೆಲ್ಲ ತಲೆ ಎತ್ತಿದರು. ನನಗೆ ಅಳು ಬಂದಿತ್ತು. ಬಸ್ ಟಿಕೆಟ್ ತೋರಿಸೋಣ ಅನಿಸಿತು. ಅದರ ಬದಲು ನೋಟ್‌ಬುಕ್ ಕೊಟ್ಟೆ. ಅವರು ಹಾಳೆ ತಿರುವಿ ಆ ಸಾಲಿನ ಮೇಲೆ ಬೆರಳಿಟ್ಟರು. "ಇದು ಎಲ್ಲಿದೆ ಕಾಪಿಯಲ್ಲಿ? ಇದೇ ನಿನ್ನ ಇಂಟ್ರೊ. ಯಾವ ಮಣ್ಣು ಆಗುತ್ತೆ, ಯಾವುದು ಆಗಲ್ಲ, ಕೇಳು."

ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ನಾಲ್ಕನೇ ಸಲಕ್ಕೆ ಹೊಳೆಯಿತು, ಇವತ್ತು ಶುಕ್ರವಾರ, ನಮಾಜಿಗೆ ಹೋಗಿರುತ್ತಾರೆ. ಎದುರಿಗೇ ಕೂತಿದ್ದ ದಿನ ಕೇಳಬಹುದಿತ್ತಲ್ವಾ? ಎರಡೂ ಇಪ್ಪತ್ತಕ್ಕೆ ಅವರೇ ವಾಪಸ್ ಮಾಡಿದರು. "ಬಿಸಲು ಮಳಿ ಬೀಳದ ಜಾಗಾದ ಮಣ್ಣ ಬೇಕ್ರಿ. ಅದು ನಾಲಿಗಿಗೇ ಗೊತ್ತಾಗ್ತದ."

ಇಂಟ್ರೊ ಹೊಸದಾಗಿ ಬರೆದೆ. ಅದಕ್ಕೆ ಜಾಗ ಮಾಡಲು ಉಳಿದದ್ದರಲ್ಲಿ ಕಡಿಯಬೇಕಿತ್ತು. ಬಹಮನಿ ಪ್ಯಾರಾ ಮೇಲೆ ಕರ್ಸರ್ ಇಟ್ಟೆ, ಮನಸ್ಸು ಬರಲಿಲ್ಲ. ಮೂರು ದಿನದ ಓದು ಅದು. ಕೆಳಗಿನ ಬೇರೆ ನಾಲ್ಕು ಸಾಲು ತೆಗೆದು ಹಾಕಿದೆ. ಪೇಜ್ ಹೋಯಿತು.

ಭಾನುವಾರ ಬೆಳಿಗ್ಗೆ ಬೀದರ್‌ನಿಂದ ಫೋನ್. ಮೊಮ್ಮಗಳ ಹತ್ತಿರ ಪೂರ್ತಿ ಓದಿಸಿದ್ದರು.

"ಮಣ್ಣಿಂದು ಚಲೋ ಬರದೀರಿ ಬೇಟಿ. ಕರ್ರಗ ಆಗೋದು ಯಾಕ ಬಿಟ್ರಿ?"

ಆ ಮಣ್ಣನ್ನು ನವಸಾಗರದ ಜೊತೆ ನೀರಿಗೆ ಹಾಕಿ, ಕಾಯಿಸಿದ ಹೂಜಿಗೆ ತಿಕ್ಕಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಮಣ್ಣು ನೆಕ್ಕಿ ನೋಡುವುದೇ ಇದಕ್ಕಾಗಿ. ನಾನು ತೆಗೆದ ನಾಲ್ಕು ಸಾಲು ಅವೇ. ಅಹ್ಮದ್ ಷಾ ಮಾತ್ರ ಪೇಜಿನ ನಡುವೆ ಪೂರ್ತಿ ಅಚ್ಚಾಗಿದ್ದ.