ಹಳೇ ಊರು, ದ್ರಾಕ್ಷಿ ತೋಟ, ಕಾಡು: ಸ್ವಾನ್‌ನಲ್ಲಿ ಮೂರನ್ನೂ ಒಂದೇ ದಿನ ನೋಡಬಹುದಾ?

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ಗೆ ಬರುವ ನೆಂಟರೂ ಇಲ್ಲೇ ಕೆಲಸಕ್ಕೆ ಬಂದು ನೆಲೆಸಿದವರೂ ಕೇಳುವ ಪ್ರಶ್ನೆ ಇದು. ನಗರದ ಈಶಾನ್ಯಕ್ಕಿರುವ ಸ್ವಾನ್ ನಗರಸಭೆಯ ಗಡಿಯೊಳಗೇ ಗಿಲ್ಡ್‌ಫರ್ಡ್, ಸ್ವಾನ್ ವ್ಯಾಲಿಯ ತೋಟಗಳು, ವಾಲ್ಯುಂಗ ಕಾಡು ಇವೆಯಂತಲ್ಲ, ಒಂದು ದಿನ ಸಾಕಾ? ಸಾಕು. ಆದರೆ ಕಾಡಿನಿಂದ ಶುರು ಮಾಡಿ, ತೋಟಕ್ಕೆ ಇಳಿದು, ಊರಲ್ಲಿ ಮುಗಿಸಬೇಕು. ಬಹಳ ಜನ ಇದನ್ನು ತಲೆಕೆಳಗು ಮಾಡಿಕೊಂಡು ನಡುಮಧ್ಯಾಹ್ನದ ಬಿಸಿಲಲ್ಲಿ ಕಾಡು ತಲುಪುತ್ತಾರೆ.

ವಾಲ್ಯುಂಗ ಎಂದರೆ ನದಿಯು ಡಾರ್ಲಿಂಗ್ ಬೆಟ್ಟಸಾಲನ್ನು ಸೀಳಿಕೊಂಡು ಬಯಲಿಗೆ ಇಳಿಯುವ ಜಾಗ. ಏವನ್ ನದಿಗೆ ವುರೂಲು ಹಳ್ಳ ಬಂದು ಸೇರುವುದು ಇಲ್ಲೇ; ಅಲ್ಲಿಂದ ಮುಂದೆ ಅದೇ ನೀರಿಗೆ ಸ್ವಾನ್ ಎಂದು ಹೆಸರು. ಇಲ್ಲಿನ ಮೂಲನಿವಾಸಿಗಳಾದ ನೂಂಗಾರ್ ಜನ ಸಾವಿರಾರು ವರ್ಷ ಬಿಡಾರ ಹೂಡುತ್ತಿದ್ದ ನೆಲವಿದು. ಮೊದಲ ಸಲ ಬಂದವರಿಗೆ ಸಿಡ್ಸ್ ರಾಪಿಡ್ಸ್ ದಾರಿ ಸರಿ: ಹೋಗಿಬರಲು 5.2 ಕಿ.ಮೀ., ನಿಧಾನವಾಗಿ ನಡೆದರೆ ಎರಡು ಗಂಟೆ. ನೀರು ಬಂಡೆಗಳ ಮೇಲೆ ಭೋರ್ಗರೆಯುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಇಲ್ಲಿ ಬೇಸಿಗೆಯಾದ ಜನವರಿಯಲ್ಲಿ ಬಂದರೆ ಅಲ್ಲಲ್ಲಿ ಮಡುಗಟ್ಟಿದ ನೀರಷ್ಟೇ ಸಿಗುತ್ತದೆ. ಬೇಸಿಗೆಯಲ್ಲಿ ಹೊರಡುವ ಮುನ್ನ ರಾಜ್ಯ ಸರ್ಕಾರದ ‘ಎಮರ್ಜೆನ್ಸಿ ಡಬ್ಲ್ಯುಎ’ ಜಾಲತಾಣದಲ್ಲಿ ಆ ದಿನದ ಕಾಳ್ಗಿಚ್ಚಿನ ಅಪಾಯಮಟ್ಟ ನೋಡಿ. ‘ಎಕ್ಸ್‌ಟ್ರೀಮ್’ ಅಥವಾ ‘ಕಟಾಸ್ಟ್ರಾಫಿಕ್’ ಎಂದಿದ್ದರೆ ಉದ್ಯಾನ ತೆರೆದಿದ್ದರೂ ಹೋಗಬೇಡಿ.

ಶೂ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿನ ಬ್ಯಾಂಕ್ಸಿಯಾ, ಜರ್ರಾ ಮರಗಳನ್ನು ಬೇರಿನಿಂದ ಕೊಳೆಸಿ ಕೊಲ್ಲುವ ‘ಡೈಬ್ಯಾಕ್’ ರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ನಮ್ಮ ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದ್ದು. ಅಡಿಕೆಯಲ್ಲಿ ಅದು ಮಳೆಹನಿಯೊಂದಿಗೆ ಗೊನೆಗೆ ಹಾರಿದರೆ, ಇಲ್ಲಿ ಒದ್ದೆ ಮಣ್ಣಿನೊಂದಿಗೆ ಶೂ ಅಡಿಯ ಗೀರುಗಳಲ್ಲಿ, ಟೈರಿನ ಸಂದಿಯಲ್ಲಿ ಕೂತು ಪ್ರಯಾಣ ಮಾಡುತ್ತದೆ. ಒಮ್ಮೆ ಸೇರಿದ ಮಣ್ಣಿನಿಂದ ಅದನ್ನು ಪೂರ್ತಿ ತೆಗೆಯಲು ಆಗದು. ಮನೆಯಲ್ಲೇ ಅಡಿಯನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ, ಒಣಗಿಸಿ ತನ್ನಿ. ದಾರಿ ಬಿಟ್ಟು ಕೆಸರು ತುಳಿಯಬೇಡಿ.

ಹನ್ನೊಂದಕ್ಕೆಲ್ಲ ತೋಟಗಳತ್ತ ಇಳಿಯಬಹುದು. ಇಲ್ಲಿ 1830ರ ದಶಕದಿಂದಲೂ ದ್ರಾಕ್ಷಿಯಿದೆ. ನದಿ ತಂದು ಹಾಸಿದ ಆಳವಾದ ಮೆಕ್ಕಲು ಮಣ್ಣು ಚಳಿಗಾಲದ ಮಳೆಯನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಬಳ್ಳಿಗೆ ಕೊಡುತ್ತದೆ. ಬಿಸಿಲು ಜೋರಾದಂತೆ ಹಣ್ಣಿನ ಹುಳಿ ಬೇಗ ಇಳಿಯುತ್ತದೆ. ಆ ಹುಳಿಯನ್ನು ಚೆನ್ನಾಗಿ ಉಳಿಸಿಕೊಳ್ಳುವ ತಳಿ ಶೆನಿನ್ ಬ್ಲಾಂಕ್. ಒಂದೇ ಒಂದು ವೈನ್ ರುಚಿ ನೋಡುವುದಾದರೆ ಅದನ್ನೇ ಕೇಳಿ.

ಗಾಡಿ ಓಡಿಸುವವರು ಈ ಲೆಕ್ಕ ನೆನಪಿಡಿ. ಆಸ್ಟ್ರೇಲಿಯಾದಲ್ಲಿ ಒಂದು ‘ಸ್ಟ್ಯಾಂಡರ್ಡ್ ಡ್ರಿಂಕ್’ ಎಂದರೆ 10 ಗ್ರಾಂ ಆಲ್ಕೋಹಾಲ್, ಅಂದರೆ 13 ಶೇಕಡಾ ವೈನ್ ಸುಮಾರು 100 ಮಿ.ಲೀ. ರುಚಿಗೆಂದು 20 ಮಿ.ಲೀ. ಸುರಿದರೆ ಐದೇ ಗುಟುಕಿಗೆ ಅಷ್ಟಾಯಿತು, ಮೂರು ತೋಟ ಸುತ್ತಿದರೆ ಮೂರು ಡ್ರಿಂಕ್. ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ 0.05 ಶೇಕಡಾ ಮುಟ್ಟಬಾರದು; ಹೊಸದಾಗಿ ಲೈಸೆನ್ಸ್ ಪಡೆದ ‘ಪಿ-ಪ್ಲೇಟ್’ ಚಾಲಕರಿಗೆ ಸೊನ್ನೆ. ಓಡಿಸುವವರು ಕುಡಿಯದಿರುವುದೇ ಸರಿ. ಕುಡಿಯದವರಿಗೆ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ: ರಸ್ತೆ ಬದಿಯಲ್ಲೇ ತಿನ್ನುವ ದ್ರಾಕ್ಷಿ ಮಾರುತ್ತಾರೆ.

ನಗರ ಇಷ್ಟು ಹತ್ತಿರ ಬಂದರೂ ಈ ತೋಟಗಳು ಸೈಟುಗಳಾಗಿಲ್ಲವಲ್ಲ, ಅದಕ್ಕೆ ಕಾನೂನಿನ ಬಲವೂ ಇದೆ. 1995ರ ಸ್ವಾನ್ ವ್ಯಾಲಿ ಯೋಜನಾ ಕಾಯ್ದೆ, ಅದರ ಜಾಗಕ್ಕೆ ಬಂದ 2020ರ ಕಾಯ್ದೆ ಇಲ್ಲಿನ ಜಮೀನು ತುಂಡಾಗದಂತೆ ಹಿಡಿದಿಟ್ಟಿವೆ. ಉತ್ತರದ ಅಂಚಿಗೆ ಎಲೆನ್‌ಬ್ರೂಕ್ ಬಡಾವಣೆ ಬೆಳೆದಿರುವುದನ್ನು ನೋಡಿದರೆ ಅದರ ಬೆಲೆ ಗೊತ್ತಾಗುತ್ತದೆ.

ಸಂಜೆ ನಾಲ್ಕರ ಮೇಲೆ ಗಿಲ್ಡ್‌ಫರ್ಡ್. ಪರ್ತ್, ಫ್ರೀಮ್ಯಾಂಟಲ್ ಜೊತೆಗೇ 1829ರಲ್ಲಿ ಹುಟ್ಟಿದ ಊರು. ಹೆಲೆನಾ ನದಿ ಸ್ವಾನ್ ಸೇರುವಲ್ಲಿ ಕಟ್ಟಿದ್ದು. ದೋಣಿಯಲ್ಲಿ ಬಂದ ಸರಕು ಇಲ್ಲಿಂದ ಗಾಡಿಯೇರಿ ಒಳನಾಡಿಗೆ ಹೋಗುತ್ತಿತ್ತು. 1881ರಲ್ಲಿ ರೈಲು ಬಂದು ದೋಣಿ ವ್ಯಾಪಾರ ಕುಗ್ಗಿತು. ಆಮೇಲೆ ರೈಲ್ವೆ ಕಾರ್ಯಾಗಾರ ಪಕ್ಕದ ಮಿಡ್‌ಲ್ಯಾಂಡ್‌ಗೆ ಬಂದು ಬೆಳವಣಿಗೆಯೆಲ್ಲ ಅತ್ತ ಸಾಗಿತು. ಹಾಗಾಗಿಯೇ ಇಲ್ಲಿನ ಇಟ್ಟಿಗೆ ಮನೆಗಳು, ಮೆಡೋ ಸ್ಟ್ರೀಟ್‌ನ ಹಳೇ ಜೈಲು, 1841ರ ರೋಸ್ ಅಂಡ್ ಕ್ರೌನ್ ಹೋಟೆಲು ಉಳಿದುಕೊಂಡವು. ಸ್ಟೇಷನ್ನಿನಿಂದ ಇವೆಲ್ಲ ನಡೆದೇ ನೋಡುವಷ್ಟು ಹತ್ತಿರ. ವೈನ್ ಕುಡಿದವರೆಲ್ಲ ಇಲ್ಲಿಂದಲೇ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಪರ್ತ್.