ವಿಡಿಯೊ ಗೇಮ್‌ನಲ್ಲಿ ಬರುವ ಇತಿಹಾಸವನ್ನು ಎಷ್ಟು ನಂಬಬಹುದು?

ಇದು ಎಲ್ಲರೂ ಕೇಳುವ ಪ್ರಶ್ನೆ. ಇತಿಹಾಸ ಆಧರಿಸಿದ ಆಟಗಳಲ್ಲಿ ನಾಯಕ ಹೆಚ್ಚಾಗಿ ಕಲ್ಪನೆಯ ಕೂಸು. ಅವನ ಸಾಹಸ ಪಕ್ಕಕ್ಕಿರಲಿ, ಅವನ ಕೈಲಾಗದ್ದು ಏನು ಎಂದು ನೋಡಿ. ಆ ಕಾಲ ಅಲ್ಲಿ ಸಿಗುತ್ತದೆ.

2018ರ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ತೆಗೆದುಕೊಳ್ಳಿ. ಕಥೆ 1403ರ ಬೊಹೀಮಿಯಾದ್ದು, ಅಂದರೆ ಇಂದಿನ ಝೆಕ್ ನಾಡಿನದ್ದು. ಬೆಳ್ಳಿ ಗಣಿಯ ಊರು ಸ್ಕಾಲಿಟ್ಸ್ ಮೇಲೆ ಹಂಗೇರಿಯ ರಾಜ ಸಿಗಿಸ್ಮಂಡ್‌ನ ಸೇನೆ ಬೀಳುತ್ತದೆ, ಕಮ್ಮಾರನ ಮನೆಯ ಹುಡುಗ ಹೆನ್ರಿ ಅನಾಥನಾಗುತ್ತಾನೆ. ದಾಳಿ ನಿಜ, ಹೆನ್ರಿ ಕಲ್ಪಿತ. ಅವನಿಗೆ ಓದು ಬಾರದು. ಪುಸ್ತಕ ತೆರೆದರೆ ಪ್ರತಿ ಪದದೊಳಗೂ ಅಕ್ಷರಗಳು ಹಿಂದುಮುಂದಾಗಿ ಕಲಸಿಹೋಗಿರುತ್ತವೆ. ಉಝಿಟ್ಸ್ ಎಂಬ ಹಳ್ಳಿಯ ಲಿಪಿಕಾರನ ಹತ್ತಿರ ಪಾಠ ಹೇಳಿಸಿಕೊಂಡು ಓದುತ್ತಾ ಹೋದಂತೆ ಒಂದೊಂದೇ ಪದ ತಿಳಿಯಾಗುತ್ತದೆ. ಅಕ್ಷರ ಬಾರದವನ ಬದುಕನ್ನು ಪುಟಗಟ್ಟಲೆ ವಿವರಿಸಿದರೂ ಇಷ್ಟು ನಾಟುವುದಿಲ್ಲ.

ಎಡವಟ್ಟಾಗುವುದು ನಾವು ಮೊದಲೇ ಮನಸ್ಸಿನಲ್ಲಿಟ್ಟುಕೊಂಡ ಚಿತ್ರಕ್ಕೆ ಆಟ ಒಗ್ಗಿಕೊಂಡಾಗ. ‘ಘೋಸ್ಟ್ ಆಫ್ ತ್ಸುಶಿಮಾ’ ಜಪಾನಿನ ತ್ಸುಶಿಮಾ ದ್ವೀಪದ ಮೇಲೆ 1274ರಲ್ಲಿ ನಡೆದ ಮಂಗೋಲ್ ದಾಳಿಯ ಕಥೆ. ಇತಿಹಾಸದಲ್ಲಿ ಅಲ್ಲಿನ ಕೊಮೊಡಾ ತೀರದಲ್ಲಿ ಸುಮಾರು 80 ಸವಾರರೊಂದಿಗೆ ಹೋರಾಡಿ ಸತ್ತವನು ಸೋ ಸುಕೆಕುನಿ. ಆಟದಲ್ಲಿ ತೀರವಿದೆ, 80 ಸಮುರಾಯ್‌ಗಳಿದ್ದಾರೆ, ಸೋ ಮನೆತನವಿಲ್ಲ. ನಾಯಕ ಜಿನ್ ಕೂತು ಹೈಕು ಎಂಬ ಪುಟ್ಟ ಜಪಾನಿ ಪದ್ಯ ಕಟ್ಟುತ್ತಾನೆ. ಹೈಕು ಸ್ವತಂತ್ರ ಪದ್ಯವಾಗಿ ಬೆಳೆದದ್ದು 17ನೇ ಶತಮಾನದಿಂದೀಚೆಗೆ. ಸಮುರಾಯ್ ಎಂದರೆ ಹೈಕು ನೆನಪಾಗುವುದು ನಮಗೆ, ಜಿನ್‌ನ ಕಾಲದವರಿಗಲ್ಲ.

ಆದ್ದರಿಂದ ಆಡಲು ಶುರುಮಾಡಿದಾಗಲೇ ವರ್ಷ, ಊರು, ಸೇನಾಪತಿಯ ಹೆಸರು ಬರೆದಿಟ್ಟುಕೊಂಡು ಹೊರಗೆ ಹುಡುಕಿ. ಊರು ಮತ್ತು ವರ್ಷ ಸಾಮಾನ್ಯವಾಗಿ ತಾಳೆಯಾಗುತ್ತವೆ, ಹೆಸರು ಕೈಕೊಡುತ್ತದೆ. ‘ಅಸಾಸಿನ್ಸ್ ಕ್ರೀಡ್ ಒರಿಜಿನ್ಸ್’ ಇದ್ದರೆ 2018ರಲ್ಲಿ ಸೇರಿದ ಡಿಸ್ಕವರಿ ಟೂರ್ ತೆರೆಯಿರಿ. ಹೊಡೆದಾಟವಿಲ್ಲದೆ ಆಟದೊಳಗಿನ ಪ್ರಾಚೀನ ಈಜಿಪ್ಟ್ ಸುತ್ತಬಹುದು.

ಸಂಸ್ಕೃತಿಯ ವಿಷಯಕ್ಕೆ ಬಂದರೆ ಇನ್ನೊಂದು ಪ್ರಶ್ನೆ ಮುಖ್ಯ: ಕಥೆ ಯಾರದ್ದು, ಕೇಳಿ ತಂದರೇ? 2014ರ ‘ನೆವರ್ ಅಲೋನ್’ ಅಲಾಸ್ಕದ ಇನ್ಯುಪಿಯಾಟ್ ಜನರ ಜೊತೆ ಕೂತು ಮಾಡಿದ ಆಟ. ನುನಾ ಎಂಬ ಹುಡುಗಿ ಮತ್ತು ಒಂದು ಹಿಮನರಿ ಮುಗಿಯದ ಹಿಮಗಾಳಿಯ ಮೂಲ ಹುಡುಕಿ ಹೊರಡುತ್ತಾರೆ. ನಿರೂಪಣೆ ಅವರದೇ ನುಡಿಯಲ್ಲಿ, ನಡುನಡುವೆ ಹಿರಿಯರು ಮಾತಾಡುವ ಕಿರುಚಿತ್ರಗಳು. ಮೂಲ ಕಥೆಯಲ್ಲಿದ್ದದ್ದು ಹುಡುಗ. ಆ ಕಥೆ ಹೇಳುತ್ತಿದ್ದ ಹಿರಿಯ ತೀರಿಕೊಂಡಿದ್ದರಿಂದ, ತಂಡ ಅವರ ಮಗಳ ಬಳಿ ಹೋಗಿ ಒಪ್ಪಿಗೆ ಪಡೆಯಿತು.